ಕಡಿಮೆ ದುಡ್ಡಿಗೆ ಮೊದಲ ಸೆಮಿ ಆಟೋಮ್ಯಾಟಿಕ್ ರೈಫಲ್: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡಲ್ಲಾಸ್ ಸುತ್ತಮುತ್ತಲಿನ ಕನ್ನಡಿಗರು ಯುಗಾದಿಗೋ ಗಣೇಶನ ಹಬ್ಬಕ್ಕೋ ಸೇರಿದಾಗ, ಊಟ ಮುಗಿದು ಕೈ ತೊಳೆಯುವ ಹೊತ್ತಿಗೆ ಯಾರಾದರೂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. "ನೀವು ಶೂಟಿಂಗ್ ರೇಂಜ್‌ಗೆ ಹೋಗ್ತೀರಂತೆ. ನಾನೂ ಒಂದು ರೈಫಲ್ ತಗೋಬೇಕು ಅಂತಿದ್ದೀನಿ. ಜಾಸ್ತಿ ದುಡ್ಡು ಹಾಕಲ್ಲ. ಯಾವುದು ತಗೊಳ್ಳಲಿ?" ಉತ್ತರ ಹೇಳಿ ಹೇಳಿ ಬಾಯಿಪಾಠ ಆಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ನಾನು ಸಕಲೇಶಪುರದ ಕಡೆಯವನು. ತಾತನ ಕೇಪಿನ ಕೋವಿ ನಡುಮನೆ ಗೋಡೆಯಲ್ಲಿ ನೇತಾಡುವುದನ್ನು ನೋಡಿಕೊಂಡೇ ಬೆಳೆದೆ. ಹಾಗಂತ ಪಂಡಿತನೇನಲ್ಲ. ಎಂಟು ವರ್ಷದಿಂದ ಇಲ್ಲಿ ಗುರಿ ಹೊಡೆಯಲು ಕಲಿಯುತ್ತಿದ್ದೇನೆ, ಅಷ್ಟೇ. ಕೆಳಗಿರುವ ಬೆಲೆಗಳೆಲ್ಲ ಅಂದಾಜು. ಕಾನೂನು ರಾಜ್ಯಕ್ಕೊಂದು ಥರ ಇದೆ, ಆಗಾಗ ಬದಲಾಗುತ್ತಲೂ ಇರುತ್ತದೆ. ಕೊಳ್ಳುವ ದಿನದ ನಿಯಮವನ್ನು ನೀವೇ ನೋಡಿಕೊಳ್ಳಿ.

ಮೊದಲಿಗೆ, ನಾನು ಕೊಳ್ಳಬಹುದಾ? ಎಚ್-1ಬಿ ವೀಸಾದಲ್ಲಿದ್ದೇನೆ.

ಯಾವ ರೈಫಲ್ ಅನ್ನುವುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇದೇ. ನಮ್ಮವರಲ್ಲಿ ಎಷ್ಟೋ ಜನ ಇದನ್ನು ಕೊನೆಗೆ ಕೇಳುತ್ತಾರೆ.

ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಇಂಥ ತಾತ್ಕಾಲಿಕ ವೀಸಾಗಳ ಮೇಲೆ ಬಂದವರಿಗೆ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಇಲ್ಲ. ಕೊಳ್ಳುವುದಷ್ಟೇ ಅಲ್ಲ, ಕೈಯಲ್ಲಿ ಹಿಡಿಯುವುದೂ ಅದರಲ್ಲೇ ಬರುತ್ತದೆ. ಕೆಲವು ವಿನಾಯಿತಿಗಳಿವೆ. ಜನ ಹೆಚ್ಚಾಗಿ ಬಳಸುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದಿದ್ದರೆ ದಾರಿ ತೆರೆಯುತ್ತದೆ. ಆದರೆ ಆ ಲೈಸೆನ್ಸ್ ಅವಧಿ ಮುಗಿದ ದಿನ ನಿಮ್ಮ ಬೀರುವಿನಲ್ಲಿರುವ ರೈಫಲ್ ಸಮಸ್ಯೆಯಾಗುತ್ತದೆ, ಅಲ್ವಾ? ಪ್ರಜೆಗಳಲ್ಲದವರಿಗೆ ಬಂದೂಕಿನ ಕೇಸು ಅಂದರೆ ದಂಡ, ಜೈಲಿಗೇ ಮುಗಿಯುವುದಿಲ್ಲ. ಗಡೀಪಾರಿಗೂ ಅದು ಕಾರಣವಾಗಬಹುದು. ಗ್ರೀನ್ ಕಾರ್ಡ್‌ನವರಿಗೂ ಇದೇ ಮಾತು.

ನನ್ನ ಕೇಳಿದರೆ, ಎಚ್-1ಬಿಯಲ್ಲಿರುವವರು ಒಮ್ಮೆ ವಲಸೆ ವಕೀಲರನ್ನು ಕೇಳಿ. ಇಲ್ಲದಿದ್ದರೆ ಕಾರ್ಡ್ ಬರುವ ತನಕ ತಡೆಯಿರಿ. ಇಂಡಿಯಾದವರ ಸರದಿ ಎಷ್ಟು ಉದ್ದ ಅಂತ ನನಗೂ ಗೊತ್ತು. ಆದರೂ ತಡೆಯಿರಿ.

ಸೆಮಿ ಆಟೋಮ್ಯಾಟಿಕ್ ಅಂದರೆ ಸಿನಿಮಾದಲ್ಲಿ ದಡದಡ ಅಂತ ಹೊಡೀತಾರಲ್ಲ, ಅದೇನಾ?

ಅಲ್ಲ. ಕುದುರೆ, ಅಂದರೆ ಟ್ರಿಗರ್, ಒಮ್ಮೆ ಎಳೆದರೆ ಒಂದೇ ಈಡು. ಇನ್ನೊಂದು ಈಡು ಬೇಕಾದರೆ ಬೆರಳು ಬಿಟ್ಟು ಮತ್ತೆ ಎಳೆಯಬೇಕು.

ತಾತನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಹಾಕಿ, ಚರೆ ಹಾಕಿ, ಸರಳಿನಿಂದ ಜಡಿದು, ಕೇಪು ಕೂರಿಸಬೇಕಿತ್ತು. ಅಷ್ಟರಲ್ಲಿ ಹಂದಿ ತೋಟ ದಾಟಿ ಆಚೆ ಊರು ಸೇರಿರುತ್ತಿತ್ತು. ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ಪ್ರತಿ ಈಡಿಗೂ ಹಿಡಿಕೆ ಎತ್ತಿ, ಹಿಂದೆಳೆದು, ಮುಂದೆ ತಳ್ಳಬೇಕು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಆ ಕೆಲಸವನ್ನು ಗುಂಡು ಹಾರಿದ ರಭಸವೇ ಮಾಡುತ್ತದೆ. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ. ಸ್ಪ್ರಿಂಗ್ ಬೋಲ್ಟನ್ನು ವಾಪಸ್ ತಳ್ಳುವಾಗ ಮ್ಯಾಗಜಿನ್‌ನಿಂದ, ಅಂದರೆ ಗುಂಡು ತುಂಬಿಡುವ ಡಬ್ಬಿಯಿಂದ, ಹೊಸ ತೋಟೆ ಮೇಲೇರುತ್ತದೆ. ಇಷ್ಟೇ ಗುಟ್ಟು.

ಕುದುರೆ ಒತ್ತಿ ಹಿಡಿದರೆ ಹಾರುತ್ತಲೇ ಇರುವುದು ಮಷಿನ್ ಗನ್. ಅದು 1934ರ ಕಾನೂನಿನಿಂದಲೇ ಬಿಗಿ ಕಟ್ಟಿನಲ್ಲಿದೆ. 1986ರ ಮೇ ತಿಂಗಳಿಂದ ಈಚೆಗೆ ತಯಾರಾದದ್ದು ಸಾಮಾನ್ಯ ಜನರ ಕೈಗೆ ಸಿಗುವುದೇ ಇಲ್ಲ. ಸೆಮಿ ರೈಫಲ್ಲನ್ನು ಹಾಗೆ ಹೊಡೆಯುವಂತೆ ಮಾಡುತ್ತೇವೆ ಅಂತ ಬಿಡಿಭಾಗ ಮಾರುವವರು ಆನ್‌ಲೈನ್‌ನಲ್ಲಿ ಸಿಗುತ್ತಾರೆ. ಅವುಗಳ ಹತ್ತಿರವೂ ಸುಳಿಯಬೇಡಿ. ನಳಿಗೆ ಕೊಯ್ದು ಗಿಡ್ಡ ಮಾಡುವುದೂ ಬೇಡ. ರೈಫಲ್‌ನ ನಳಿಗೆ 16 ಇಂಚಿಗಿಂತ ಕಡಿಮೆಯಾದರೆ ಅದೂ ಆ 1934ರ ಕಾನೂನಿನೊಳಗೆ ಹೋಗಿ ಬೀಳುತ್ತದೆ.

ಒಟ್ಟು 500 ಡಾಲರ್ ಇಟ್ಟಿದ್ದೇನೆ. ಎಷ್ಟನ್ನು ರೈಫಲ್‌ಗೆ ಹಾಕಲಿ?

300ರ ಒಳಗೆ. ಇಲ್ಲೇ ಎಲ್ಲರೂ ಎಡವುವುದು. 500 ಇದ್ದರೆ 490ರ ರೈಫಲ್ ತಂದು, ಬೀಗಕ್ಕೂ ದುಡ್ಡಿಲ್ಲ, ಗುಂಡಿಗೂ ದುಡ್ಡಿಲ್ಲ ಅಂತ ಕೂರುತ್ತಾರೆ.

ನನ್ನ ಲೆಕ್ಕ ಹೀಗೆ. ರೈಫಲ್ 280. ಬೀಗ ಹಾಕುವ ಸಣ್ಣ ಸ್ಟೀಲ್ ಬೀರು 110. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಸೇರಿ 40. ಒರೆಸುವ ಸಾಮಾನು 20. ಐನೂರು ಗುಂಡಿನ ಡಬ್ಬಿ 45. ಆಯ್ತಲ್ಲ, 495. ಟ್ಯಾಕ್ಸ್ ಸೇರಿಸಿದರೆ ಸ್ವಲ್ಪ ಮೀರುತ್ತದೆ. ಅದಕ್ಕೆ ರೈಫಲ್ಲನ್ನು ಇನ್ನೂ ಅಗ್ಗದ್ದು ನೋಡಿ, ಬೀರುವನ್ನು ಕೈಬಿಡಬೇಡಿ.

ಹಾಗಾದರೆ ಯಾವ ಅಳತೆಯ ಗುಂಡು?

ಪಾಯಿಂಟ್ ಟೂಟೂ ಲಾಂಗ್ ರೈಫಲ್. ಬರೆಯುವಾಗ .22 ಎಲ್‌ಆರ್. 1887ರಿಂದ ಇರುವ ಗುಂಡು. ಈಗಲೂ ಮೊದಲ ರೈಫಲ್‌ಗೆ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಮೊದಲ ಕಾರಣ ದುಡ್ಡು. .22ರ ಒಂದು ಗುಂಡಿಗೆ ಎಂಟು ಹತ್ತು ಸೆಂಟ್. ಎಆರ್-15 ರೈಫಲ್‌ಗೆ ಹಾಕುವ .223 ಗುಂಡಿಗೆ ಐವತ್ತು ಸೆಂಟ್ ಆಸುಪಾಸು. ಒಂದು ಶನಿವಾರ ಇನ್ನೂರು ಗುಂಡು ಹೊಡೆದಿರಿ ಅಂದುಕೊಳ್ಳಿ. ಒಂದರಲ್ಲಿ ಇಪ್ಪತ್ತು ಡಾಲರ್, ಇನ್ನೊಂದರಲ್ಲಿ ನೂರು. ತಿಂಗಳಿಗೆ ಎರಡು ಸಲ ಹೋಗುವವರಿಗೆ ವರ್ಷದ ಕೊನೆಗೆ ಈ ವ್ಯತ್ಯಾಸದಲ್ಲಿ ಬೆಂಗಳೂರಿಗೆ ವಿಮಾನದ ಟಿಕೆಟ್ಟೇ ಬರುತ್ತದೆ.

ಎರಡನೆಯದು ಒದೆತ. .22 ಭುಜಕ್ಕೆ ಒದೆಯುವುದೇ ಇಲ್ಲ ಅನ್ನಬಹುದು. ದೊಡ್ಡ ಗುಂಡಿನಿಂದ ಶುರು ಮಾಡಿದವರು ಸದ್ದಿಗೆ ಬೆಚ್ಚಿ ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾರೆ. ಆ ಚಾಳಿ ಹತ್ತಿದರೆ ಬಿಡಿಸುವುದು ಕಷ್ಟ. ನನಗೆ ಹತ್ತಿತ್ತು. ನಾನು ಮೊದಲು ಕೊಂಡದ್ದು .22 ಅಲ್ಲ. ಗೆಳೆಯನ ಮಾತು ಕೇಳಿ ಎಆರ್-15 ತಂದೆ. ನಾಲ್ಕು ಸಲ ಹೋದೆ, ಗುಂಡಿನ ಬಿಲ್ ನೋಡಿ ಐದನೇ ಸಲ ಹೋಗಲಿಲ್ಲ. ಎಂಟು ತಿಂಗಳು ಬೀರುವಿನಲ್ಲಿ ಮಲಗಿದ್ದು, ಕೊನೆಗೆ ನಷ್ಟಕ್ಕೆ ಮಾರಿದೆ.

ಆದರೆ .22 ಅಂದರೆ ಆಟಿಕೆ ಅಂದುಕೊಳ್ಳಬೇಡಿ. ಗುಂಡಿನ ಡಬ್ಬಿಯ ಮೇಲೇ ಎಚ್ಚರಿಕೆ ಇರುತ್ತದೆ, ಒಂದೂವರೆ ಮೈಲಿಯವರೆಗೂ ಅಪಾಯ ಅಂತ.

ಸರಿ, ಯಾವ ಕಂಪನಿಯದ್ದು, ಯಾವ ಮಾಡೆಲ್?

ರೂಗರ್ 10/22. 1964ರಲ್ಲಿ ಬಂದದ್ದು. ಅಂದಿನಿಂದ ಲಕ್ಷಗಟ್ಟಲೆ ಮಾರಾಟವಾಗಿ ಇಲ್ಲಿ ಮನೆಮಾತಾಗಿದೆ. ನಮ್ಮೂರಲ್ಲಿ ಹೀರೋ ಹೊಂಡಾ ಸ್ಪ್ಲೆಂಡರ್ ಇದ್ದ ಹಾಗೆ. ಯಾವ ಊರಿಗೆ ಹೋದರೂ ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವವರು ಸಿಗುತ್ತಾರೆ, ಮಾರಲು ಹೋದರೆ ಬೆಲೆಯೂ ಬರುತ್ತದೆ. ಸಾದಾ ಮಾಡೆಲ್ 300 ಡಾಲರ್ ಆಸುಪಾಸು, ಹಬ್ಬದ ಸೇಲ್‌ನಲ್ಲಿ ಇನ್ನೂ ಕಡಿಮೆ. ತೂಕ ಐದು ಪೌಂಡ್, ಅಂದರೆ ಎರಡೂಕಾಲು ಕಿಲೋ ಚಿಲ್ಲರೆ. ಹತ್ತು ಗುಂಡಿನ ಮ್ಯಾಗಜಿನ್ ಒಳಗೆ ಒಂದು ಚಕ್ರ ಇದೆ. ಗುಂಡುಗಳು ಅದರ ಹಲ್ಲುಗಳ ನಡುವೆ ಕೂತು ಸುತ್ತುತ್ತವೆ. ಮ್ಯಾಗಜಿನ್ ರೈಫಲ್‌ನ ಹೊಟ್ಟೆಯೊಳಗೇ ಸೇರಿಕೊಳ್ಳುತ್ತದೆ, ಕೆಳಗೆ ಬಾಲದ ಥರ ನೇತಾಡುವುದಿಲ್ಲ.

ಇದರಲ್ಲೂ ಕಿರಿಕಿರಿ ಇದೆ. ಕೊನೆಯ ಗುಂಡು ಹೊಡೆದ ಮೇಲೂ ಬೋಲ್ಟ್ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಖಾಲಿಯಾಯಿತೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದೆಳೆದು, ಒಳಗೆ ಕಣ್ಣಿಟ್ಟು ನೋಡಲೇಬೇಕು. ಕತ್ತಲಿದ್ದರೆ ಬೆರಳು ಹಾಕಿ ಮುಟ್ಟಿ ನೋಡಬೇಕು. ಹೊಸಬರಿಗೆ ಇದೊಂದು ಒಳ್ಳೆಯ ಅಭ್ಯಾಸ ಕಲಿಸುತ್ತದೆ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಇನ್ನೂ ಅಗ್ಗದ್ದು ಬೇಕಾದರೆ ಸ್ಯಾವೇಜ್ 64 ಅಥವಾ ಬ್ರೆಜಿಲ್‌ನಲ್ಲಿ ತಯಾರಾಗುವ ರೋಸಿ ಆರ್‌ಎಸ್22. ಎರಡೂ ಇನ್ನೂರರ ಆಚೀಚೆ. ಗುರಿ ಚೆನ್ನಾಗಿಯೇ ಹೊಡೆಯುತ್ತವೆ. ಮ್ಯಾಗಜಿನ್, ಬಿಡಿಭಾಗಗಳ ಆಯ್ಕೆ ಮಾತ್ರ ಕಡಿಮೆ. ನೂರು ಡಾಲರ್ ಉಳಿಸಿ ಗುಂಡಿಗೆ ಹಾಕುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ.

ನೋಡಲು ಎಆರ್ ಥರವೇ ಇರಬೇಕು ಅನ್ನುವವರಿಗೆ ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ 15-22 ಇದೆ. .22 ಗುಂಡೇ, ಪ್ಲಾಸ್ಟಿಕ್ ಮೈ, ಹಗುರ. ಸುಮಾರು 450 ಡಾಲರ್. ಮುಂದೆ ಎಆರ್-15 ಕೊಳ್ಳುವ ಯೋಚನೆ ಇದ್ದರೆ ಸೇಫ್ಟಿ, ಮ್ಯಾಗಜಿನ್ ಬಿಡಿಸುವ ಬಟನ್ ಎಲ್ಲ ಅದೇ ಜಾಗದಲ್ಲಿರುತ್ತವೆ, ಕೈಗೆ ರೂಢಿಯಾಗುತ್ತದೆ. ಆದರೆ ನಿಮ್ಮ ರಾಜ್ಯದಲ್ಲಿ ಅದರ ರೂಪಕ್ಕೇ ತಕರಾರಿದೆಯಾ ನೋಡಿ.

ಮಾರ್ಲಿನ್ ಮಾಡೆಲ್ 60 ಹಳೆಯದು 150ಕ್ಕೆ ಸಿಗ್ತಿದೆ. ತಗೊಳ್ಳಲಾ?

ಒಳ್ಳೆಯ ರೈಫಲ್. 1960ರಿಂದ ದಶಕಗಟ್ಟಲೆ ಬಂದದ್ದು, ಗುರಿಯ ವಿಷಯದಲ್ಲಿ ಯಾವುದಕ್ಕೂ ಕಡಿಮೆ ಇಲ್ಲ. ಆದರೆ ನಳಿಗೆಯ ಕೆಳಗಿನ ಕೊಳವೆಯೇ ಅದರ ಮ್ಯಾಗಜಿನ್. ಅದನ್ನು ಕಳಚಿಟ್ಟು "ಖಾಲಿ" ಅನ್ನಲು ಆಗುವುದಿಲ್ಲ. ಒಂದು ತೋಟೆ ಕೊಳವೆಯಲ್ಲೇ ಉಳಿದುಬಿಡಬಹುದು. ಮನೆಯಲ್ಲಿ ಮಕ್ಕಳಿದ್ದರೆ ಮೊದಲ ರೈಫಲ್‌ಗೆ ಕಳಚುವ ಮ್ಯಾಗಜಿನ್ನೇ ಇರಲಿ.

ಹಳೆಯದು ಯಾವುದೇ ಇರಲಿ, ಟಾರ್ಚ್ ತಗೊಂಡು ಹೋಗಿ. ಮೊದಲು ಖಾಲಿ ಇದೆಯಾ ಅಂತ ನೀವೇ ನೋಡಿ. ಅಂಗಡಿಯವರು ನೋಡಿ ಕೊಟ್ಟಿದ್ದರೂ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೋಲ್ಟ್ ತೆರೆದಿಟ್ಟು ನಳಿಗೆಯೊಳಗೆ ಬೆಳಕು ಬಿಟ್ಟರೆ ತಯಾರಿಸುವಾಗಲೇ ಕೊರೆದ ಸುರುಳಿ ಗೀರುಗಳು ಹೊಳೆಯಬೇಕು, ಕಪ್ಪು ಗುಳಿ ಇರಬಾರದು. ನಳಿಗೆಯ ಬಾಯಿಯ ಅಂಚಿನಲ್ಲಿ ಜಜ್ಜಿದ ಗುರುತಿದ್ದರೆ ಬಿಡಿ. ಸ್ಕ್ರೂ ತಲೆಗಳನ್ನು ನೋಡಿ. ಅವು ಕಿತ್ತುಹೋಗಿದ್ದರೆ ಯಾರೋ ಅರ್ಧಂಬರ್ಧ ಗೊತ್ತಿದ್ದವರು ಬಿಚ್ಚಿ ಸೇರಿಸಿದ್ದಾರೆ ಅಂತ ಅರ್ಥ. ಸೀರಿಯಲ್ ನಂಬರ್ ಉಜ್ಜಿದಂತಿದ್ದರೆ ಮಾತಾಡದೆ ಹೊರಗೆ ಬನ್ನಿ.

ಎಸ್‌ಕೆಎಸ್ (ಹಳೆಯ ಸೋವಿಯತ್ ಸೈನ್ಯದ ಸೆಮಿ ರೈಫಲ್) ಅಗ್ಗ ಅಂತ ಆಫೀಸಿನ ಹಿರಿಯರೊಬ್ಬರು ಹೇಳಿದರು.

ಅವರು ಹೇಳಿದ್ದು ತೊಂಬತ್ತರ ದಶಕದ ಬೆಲೆ. ಆಗ ಪೆಟ್ಟಿಗೆಗಟ್ಟಲೆ ಆಮದಾಗುತ್ತಿತ್ತು. ಈಗ ಅದು ಸಂಗ್ರಹಕಾರರ ಕೈಗೆ ಹೋಗಿದೆ.

ಅಂಗಡಿಯಲ್ಲಿ ಏನೇನು ಕೇಳುತ್ತಾರೆ?

ಲೈಸೆನ್ಸ್ ಇರುವ ವ್ಯಾಪಾರಿಯಿಂದ ರೈಫಲ್ ಕೊಳ್ಳಲು ಫೆಡರಲ್ ಕಾನೂನಿನಲ್ಲಿ 18 ವರ್ಷ ಆಗಿರಬೇಕು. ಫೋಟೋ ಇರುವ ಗುರುತಿನ ಚೀಟಿ ಬೇಕು, ಅದರಲ್ಲಿ ಈಗಿನ ವಿಳಾಸವೇ ಇರಬೇಕು. ಮನೆ ಬದಲಾಯಿಸಿ ಡ್ರೈವಿಂಗ್ ಲೈಸೆನ್ಸ್ ಬದಲಾಯಿಸದವರು ಅಲ್ಲೇ ವಾಪಸ್ ಬರುತ್ತಾರೆ. ಗ್ರೀನ್ ಕಾರ್ಡ್‌ನವರು ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ, ಅದರಲ್ಲಿರುವ ಎ-ನಂಬರ್ ತುಂಬಬೇಕು.

ಫಾರ್ಮ್ 4473 ಅಂತ ಕೊಡುತ್ತಾರೆ. ಇದು ನಿಮಗಾಗಿಯೇ ಕೊಳ್ಳುತ್ತಿದ್ದೀರಾ, ಕ್ರಿಮಿನಲ್ ಕೇಸಿದೆಯಾ, ಮನೆಯವರ ಮೇಲೆ ಹಿಂಸೆ ಮಾಡಿ ಶಿಕ್ಷೆಯಾಗಿದೆಯಾ, ಮಾದಕ ವಸ್ತು ಬಳಸುತ್ತೀರಾ ಅಂತೆಲ್ಲ ಕೇಳುತ್ತದೆ. ನಿಮ್ಮ ರಾಜ್ಯದಲ್ಲಿ ಗಾಂಜಾ ಅಂಗಡಿಯಲ್ಲೇ ಮಾರುತ್ತಿದ್ದರೂ ಫೆಡರಲ್ ಲೆಕ್ಕದಲ್ಲಿ ಅದು ಬೇರೆ ಅಂತ ಫಾರ್ಮಿನಲ್ಲೇ ಎಚ್ಚರಿಸಿರುತ್ತಾರೆ. ಸುಳ್ಳು ಬರೆಯುವುದೇ ಒಂದು ಅಪರಾಧ. ವೀಸಾದಲ್ಲಿರುವ ಗೆಳೆಯನ ದುಡ್ಡು ತಗೊಂಡು ನಿಮ್ಮ ಹೆಸರಲ್ಲಿ ಕೊಂಡುಕೊಟ್ಟರೆ ಅದೂ ಅಪರಾಧ. ಸ್ನೇಹಕ್ಕಾಗಿ ಕೂಡ ಬೇಡ.

ಆಮೇಲೆ ಎಫ್‌ಬಿಐನ ತಪಾಸಣೆ. 1998ರಿಂದ ಇದು ಕಂಪ್ಯೂಟರ್‌ನಲ್ಲೇ ಆಗುತ್ತದೆ. ನನ್ನದು ಏಳು ನಿಮಿಷದಲ್ಲಿ ಮುಗಿಯಿತು. ಎರಡನೇ ಸಲ "ಡಿಲೇ" ಬಂತು, ಎರಡು ದಿನ ಕಾದೆ. ನಮ್ಮ ಹೆಸರುಗಳ ಉದ್ದ, ಇನಿಷಿಯಲ್‌ಗಳ ಗೊಂದಲಕ್ಕೆ ಹಾಗಾಯಿತೇನೋ ಅಂತ ಅಂಗಡಿಯವ ನಕ್ಕ.

ಆನ್‌ಲೈನ್‌ನಲ್ಲಿ ಕೊಂಡರೂ ರೈಫಲ್ ಮನೆಗೆ ಬರುವುದಿಲ್ಲ. ನಿಮ್ಮ ಹತ್ತಿರದ ಲೈಸೆನ್ಸ್‌ದಾರ ವ್ಯಾಪಾರಿಗೆ ಬರುತ್ತದೆ. ಅಲ್ಲಿ ಇದೇ ಫಾರ್ಮ್, ಇದೇ ತಪಾಸಣೆ, ಮೇಲೆ ಅವರ ಶುಲ್ಕ. ಆ ಶುಲ್ಕ ಮೊದಲೇ ಕೇಳಿ. ಇಪ್ಪತ್ತು ಡಾಲರ್ ಉಳಿಸಲು ಹೋಗಿ ನಲವತ್ತು ಶುಲ್ಕ ಕೊಟ್ಟ ಜಾಣ ನಾನೇ.

ನಾನು ಸಿಯಾಟಲ್ ಕಡೆ ಇರುವುದು. ಇಲ್ಲೂ ಹೀಗೇನಾ?

ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 2019ರಿಂದ ಸೆಮಿ ಆಟೋಮ್ಯಾಟಿಕ್ ರೈಫಲ್ ಕೊಳ್ಳಲು 21 ವರ್ಷ ಆಗಿರಬೇಕು, ಸುರಕ್ಷತಾ ತರಬೇತಿ ಆಗಿರಬೇಕು, ಹತ್ತು ಕೆಲಸದ ದಿನ ಕಾಯಬೇಕು. ತಮಾಷೆ ಅಂದರೆ ಅಳಿಲು ಹೊಡೆಯುವ .22 ಸೆಮಿಯೂ ಆ ಪಟ್ಟಿಯಲ್ಲೇ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಸುರಕ್ಷತಾ ಪರೀಕ್ಷೆ ಪಾಸು ಮಾಡಬೇಕು, ಹತ್ತು ದಿನ ಕಾಯಬೇಕು, ಮ್ಯಾಗಜಿನ್ ಹತ್ತು ಗುಂಡಿನದ್ದೇ ಇರಬೇಕು. ನ್ಯೂಜೆರ್ಸಿ, ಇಲಿನಾಯ್‌ನಲ್ಲಿ ಕೊಳ್ಳುವ ಮುಂಚೆಯೇ ಗುರುತಿನ ಕಾರ್ಡ್ ಮಾಡಿಸಬೇಕು. ನ್ಯೂಯಾರ್ಕ್‌ನಲ್ಲಿ 2022ರ ಸೆಪ್ಟೆಂಬರ್‌ನಿಂದ ಸೆಮಿ ರೈಫಲ್‌ಗೂ ಲೈಸೆನ್ಸ್ ಬಂದಿದೆ. ಟೆಕ್ಸಸ್‌ನಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ ನನ್ನ ಅನುಭವವನ್ನು ನಿಮ್ಮ ಊರಿಗೆ ಹಾಗೇ ಎತ್ತಿಕೊಂಡು ಹೋಗಬೇಡಿ.

ಇಂಥ ಬಿಗಿ ರಾಜ್ಯಗಳಲ್ಲಿ ಸೆಮಿಯೇ ಬೇಕಾ ಅಂತಲೂ ಒಮ್ಮೆ ಯೋಚಿಸಿ. .22 ಬೋಲ್ಟ್ ಆಕ್ಷನ್‌ನಲ್ಲಿ ತಾಪತ್ರಯ ಕಡಿಮೆ, ಕಲಿಕೆ ಅಷ್ಟೇ.

ಹೊಸ ರೈಫಲ್, ಹತ್ತು ಗುಂಡಿಗೊಮ್ಮೆ ಸಿಕ್ಕಿಹಾಕಿಕೊಳ್ಳುತ್ತಿದೆ. ಕೆಟ್ಟದ್ದು ಕೊಟ್ಟರಾ?

ಹೆಚ್ಚಿನ ಸಲ ತಪ್ಪು ಗುಂಡಿನದ್ದು. ಸೆಮಿಯ ಬೋಲ್ಟ್ ಹಿಂದೆ ಹೋಗಬೇಕಾದರೆ ಗುಂಡಿನಲ್ಲಿ ಅಷ್ಟು ಕಸುವಿರಬೇಕು. ಸದ್ದು ಕಡಿಮೆ ಮಾಡುವ ನಿಧಾನದ ಗುಂಡು ಹಾಕಿದರೆ ಬೋಲ್ಟ್ ಅರ್ಧಕ್ಕೇ ನಿಂತು, ಖಾಲಿ ತೋಟೆ ಬಾಗಿಲಲ್ಲಿ ನೆಟ್ಟಗೆ ನಿಂತುಬಿಡುತ್ತದೆ. ಹಳೆ ಮನೆಯ ಹೊಗೆಕೊಳವೆ ಥರ. ಅಗ್ಗದ ಸಾವಿರದ ಡಬ್ಬಿಯ ಗುಂಡುಗಳಲ್ಲಿ ಒಂದಕ್ಕೊಂದು ವ್ಯತ್ಯಾಸ ಜಾಸ್ತಿ.

ಮೊದಲ ಎರಡು ಮೂರು ನೂರು ಗುಂಡುಗಳನ್ನು ಸಿಸಿಐ ಮಿನಿ ಮ್ಯಾಗ್ ಥರದ ಜೋರಿನ, ತಾಮ್ರದ ಲೇಪ ಇರುವ 40 ಗ್ರೇನ್ ತೂಕದ ಗುಂಡಿನಲ್ಲಿ ಹೊಡೆಯಿರಿ. ಆಗಲೂ ಸಿಕ್ಕಿಕೊಂಡರೆ ಮ್ಯಾಗಜಿನ್ ಬದಲಾಯಿಸಿ ನೋಡಿ. ಅದಾದ ಮೇಲೂ ಸರಿಹೋಗದಿದ್ದರೆ ಕಂಪನಿಗೆ ಕಳಿಸಿ.

ಕುದುರೆ ಎಳೆದಾಗ "ಟಿಕ್" ಅಂತ ಮಾತ್ರ ಕೇಳಿ ಗುಂಡು ಹಾರದಿದ್ದರೆ ತಕ್ಷಣ ಬೋಲ್ಟ್ ಎಳೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ಕೆಲವು ಗುಂಡುಗಳು ತಡವಾಗಿ ಹಾರುತ್ತವೆ. ಮಾಮೂಲಿಗಿಂತ ಮೆತ್ತನೆಯ "ಪುಸ್" ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಸೀಸ ನಳಿಗೆಯಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬಿ ಹಾಳಾಗುತ್ತದೆ.

ದುರ್ಬೀನು ಹಾಕಿಸಲಾ?

ಈಗ ಬೇಡ. ರೈಫಲ್ ಜೊತೆ ಬರುವ, ಗುರಿ ನೋಡುವ ಕಬ್ಬಿಣದ ಸೈಟ್‌ನಲ್ಲೇ 25 ಗಜದಲ್ಲಿ ಎರಡು ಮೂರು ತಿಂಗಳು ಹೊಡೆಯಿರಿ. ವಯಸ್ಸು ನಲವತ್ತೈದು ದಾಟಿ ಮುಂದಿನ ಸೈಟ್ ಮಂಜಾಗಿ ಕಾಣುತ್ತಿದ್ದರೆ ಮಾತ್ರ ಈಗಲೇ ಸಾದಾ ಸ್ಕೋಪ್ ಹಾಕಿಸಿ.

ನಾನು ಎಡಚ. ಬೇರೆ ರೈಫಲ್ ಬೇಕಾ?

ಬೇಡ. ಖಾಲಿ ತೋಟೆ ಬಲಕ್ಕೆ ಹಾರುವುದರಿಂದ ನಿಮ್ಮ ಮುಖದ ಮುಂದೆ ಹಾದುಹೋಗುತ್ತದೆ. ಕನ್ನಡಕ ಮರೆಯಬೇಡಿ.

ರೇಂಜ್‌ನಲ್ಲಿ ಮೊದಲ ದಿನ ಹೇಗಿರುತ್ತದೆ?

ಮುಚ್ಚಿದ ರೇಂಜ್ ಆದರೆ ಸದ್ದೇ ಮೊದಲು ಹೆದರಿಸುತ್ತದೆ. ನಿಮ್ಮದು .22 ಆದರೂ ಪಕ್ಕದವನದ್ದು ದೊಡ್ಡದಿರುತ್ತದೆ. ಕಿವಿಯೊಳಗೆ ಫೋಮ್, ಅದರ ಮೇಲೆ ಮಫ್, ಎರಡೂ ಹಾಕಿ. ಕಾಲರ್ ಇರುವ ಅಂಗಿ, ಮುಚ್ಚಿದ ಶೂ.

ಕಾಲರ್ ಯಾಕೆ ಅಂದರೆ, ನನ್ನ ಎರಡನೇ ದಿನದ ಕಥೆ. ವಿ ಕತ್ತಿನ ಟೀಶರ್ಟ್ ಹಾಕಿಕೊಂಡು ಹೋಗಿದ್ದೆ. ಖಾಲಿ ತೋಟೆಯೊಂದು ಬಲಗಡೆಯ ಅಡ್ಡಗೋಡೆಗೆ ಬಡಿದು, ವಾಪಸ್ ಬಂದು, ಸೀದಾ ಎದೆಯ ಮೇಲಿಂದ ಅಂಗಿಯೊಳಗೆ ಇಳಿಯಿತು. ಎಣ್ಣೆಯಲ್ಲಿ ಸಿಡಿದ ಸಾಸಿವೆ ಚರ್ಮಕ್ಕೆ ಅಂಟಿದ ಹಾಗೆ. ಒಂದು ಕೈಯಲ್ಲಿ ರೈಫಲ್ ಹಿಡಿದೇ ಇನ್ನೊಂದು ಕೈಯಲ್ಲಿ ಅಂಗಿ ಜಾಡಿಸುತ್ತ ಹಿಂದೆ ತಿರುಗಲು ಹೊರಟೆ. ರೇಂಜ್ ಆಫೀಸರ್ ಎಲ್ಲಿದ್ದನೋ, ಎರಡು ಹೆಜ್ಜೆಯಲ್ಲಿ ಬಂದು ನಳಿಗೆಯನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೇ ನಿಲ್ಲಿಸಿದ. ಬೈಯಲಿಲ್ಲ. "ಸುಟ್ಟ ಗಾಯ ನಾಳೆ ವಾಸಿಯಾಗುತ್ತದೆ" ಅಂದ. ಎದೆಯ ಮೇಲಿನ ಆ ಕಲೆ ವಾರ ಇತ್ತು. ನನ್ನ ಹಿಂದೆ ಬೆಂಚಿನಲ್ಲಿ ಹತ್ತು ವರ್ಷದ ಹುಡುಗಿ ಅಪ್ಪನಿಗಾಗಿ ಕಾಯುತ್ತ ಕೂತಿದ್ದಳು. ಆಮೇಲೆ ನೋಡಿದೆ.

ಹಾಗಾಗಿ ನಾಲ್ಕು ನಿಯಮ, ಬಾಯಿಪಾಠ ಮಾಡಿ. ಕೋವಿ ಯಾವಾಗಲೂ ತುಂಬಿದೆ ಅಂತಲೇ ತಿಳಿಯಿರಿ. ಹಾಳಾಗಬಾರದ್ದರ ಕಡೆ ನಳಿಗೆ ತಿರುಗಿಸಬೇಡಿ. ಗುರಿ ಹಿಡಿಯುವ ತನಕ ಬೆರಳು ಕುದುರೆಯ ಮೇಲೆ ಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ, ಎರಡೂ ಗೊತ್ತಿರಲಿ.

ಮುಗಿದ ಮೇಲೆ ಸೋಪಿನಿಂದ ಕೈ, ಮುಖ ತೊಳೆಯಿರಿ. ಗುಂಡಿನ ಹೊಗೆಯಲ್ಲಿ ಸೀಸ ಇರುತ್ತದೆ. ಕೈ ತೊಳೆಯದೆ ಕಾರಿನಲ್ಲಿ ಚಕ್ಕುಲಿ ತಿನ್ನಬೇಡಿ. ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ.

ಯಾರ ಹತ್ತಿರ ಕಲಿಯಲಿ?

ಪ್ರಾಜೆಕ್ಟ್ ಆಪಲ್‌ಸೀಡ್ ಅಂತ ಒಂದು ಸಂಸ್ಥೆ ಇದೆ. ಸ್ವಯಂಸೇವಕರು ವಾರಾಂತ್ಯದಲ್ಲಿ ಎರಡು ದಿನದ ಶಿಬಿರ ಮಾಡುತ್ತಾರೆ. 25 ಮೀಟರ್‌ನಲ್ಲಿ ಹೊಡೆಯುವುದರಿಂದ 10/22 ಇದ್ದರೆ ಸಾಕು. ನಿಂತು, ಕೂತು, ಮಲಗಿ ಹೊಡೆಯಲು ಕಲಿಸುತ್ತಾರೆ. ರೈಫಲ್‌ನ ಪಟ್ಟಿಯನ್ನು ತೋಳಿಗೆ ಬಿಗಿಯುವುದು, ಉಸಿರು ಬಿಟ್ಟು ನಿಲ್ಲಿಸುವುದು, ಎಲ್ಲ ಹೇಳಿಕೊಡುತ್ತಾರೆ. ಕೊನೆಗೆ 250ಕ್ಕೆ 210 ಬಂದರೆ "ರೈಫಲ್‌ಮನ್" ಅನ್ನುವ ಬಟ್ಟೆಯ ಬಿಲ್ಲೆ. ನಡುನಡುವೆ 1775ರ ಏಪ್ರಿಲ್ 19ರ ಕಥೆ, ಅಂದರೆ ಬ್ರಿಟಿಷರ ವಿರುದ್ಧ ಇವರ ಸ್ವಾತಂತ್ರ್ಯ ಯುದ್ಧ ಶುರುವಾದ ದಿನದ ಕಥೆ, ನಮ್ಮ ಹರಿಕಥೆ ದಾಸರ ಧಾಟಿಯಲ್ಲಿ ಹೇಳುತ್ತಾರೆ. ನನಗೆ ಮೊದಲ ಸಲ 168 ಬಂತು. ಮೂರನೇ ಸಲಕ್ಕೆ ಬಿಲ್ಲೆ ಸಿಕ್ಕಿತು. ಯೂಟ್ಯೂಬ್‌ನಲ್ಲಿ ಎರಡು ವರ್ಷ ನೋಡಿದ್ದಕ್ಕಿಂತ ಆ ಮೊದಲ ಶನಿವಾರ ಕಲಿತದ್ದೇ ಜಾಸ್ತಿ.

ಮನೆಯಲ್ಲಿ ಗುಂಡಿಲ್ಲದೆ ಅಭ್ಯಾಸ ಮಾಡಬಹುದು. 10/22ನಲ್ಲಿ ಖಾಲಿ ಕುದುರೆ ಎಳೆದರೆ ತೊಂದರೆ ಇಲ್ಲ ಅಂತ ಕಂಪನಿಯೇ ಹೇಳುತ್ತದೆ. ಬೇರೆ .22ಗಳಲ್ಲಿ ಗುಂಡು ಸಿಡಿಸುವ ಸೂಜಿ ನಳಿಗೆಯ ಅಂಚಿಗೆ ಬಡಿಯಬಹುದು. ಅದಕ್ಕೆ ಇಲ್ಲಿಯವರದ್ದೊಂದು ಉಪಾಯ. ಗೋಡೆಗೆ ಸ್ಕ್ರೂ ಹಾಕುವಾಗ ತೂರಿಸುತ್ತೇವಲ್ಲ, ಹಳದಿ ಪ್ಲಾಸ್ಟಿಕ್ ಪ್ಲಗ್, ಅದರ 4ನೇ ನಂಬರಿನದ್ದು ತೋಟೆಯ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದೇ ಒಂದು ನಿಜವಾದ ಗುಂಡೂ ಇರಬಾರದು.

ಮನೆಯಲ್ಲಿ ಎಲ್ಲಿ ಇಡಲಿ? ಮಕ್ಕಳಿದ್ದಾರೆ.

ತಾತನ ಕೋವಿ ಗೋಡೆಯಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. ಇಲ್ಲಿ ಹಾಗೆ ಇಡಬೇಡಿ. ಖಾಲಿ ಮಾಡಿ, ಸ್ಟೀಲ್ ಬೀರುವಿನಲ್ಲಿ ಬೀಗ ಹಾಕಿ. ಗುಂಡು ಬೇರೆ ಕಡೆ, ಅದಕ್ಕೂ ಬೀಗ. ಬೀಗದ ಕೈ ದೇವರ ಮನೆಯ ಡಬ್ಬಿಯಲ್ಲಿ ಬೇಡ. ಅಮ್ಮ ಒಡವೆ ಬೀಗದ ಕೈ ಎಲ್ಲಿಡುತ್ತಿದ್ದಳು ಅಂತ ನಿಮಗೆ ಗೊತ್ತಿತ್ತು ತಾನೆ? ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಟೆಕ್ಸಸ್‌ನಲ್ಲಿ 17ರೊಳಗಿನ ಮಕ್ಕಳ ಕೈಗೆ ತುಂಬಿದ ಕೋವಿ ಸಿಗುವಂತೆ ಬಿಟ್ಟರೆ ದೊಡ್ಡವರ ಮೇಲೆ ಕೇಸು.

ಇನ್ನೊಂದು ಮಾತು ನಮ್ಮವರು ಆಡುವುದಿಲ್ಲ. ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಪ್ರಾಣ ತಾವೇ ತೆಗೆದುಕೊಂಡವರು. ಕೆಲಸ ಹೋಗಿದೆ, ಸಂಸಾರದಲ್ಲಿ ಬಿರುಕಿದೆ, ಮನೆಯಲ್ಲಿ ಯಾರಿಗೋ ಮನಸ್ಸು ಸರಿಯಿಲ್ಲ ಅಂದರೆ ಈ ವರ್ಷ ರೈಫಲ್ ಕೊಳ್ಳಬೇಡಿ. ಈಗಾಗಲೇ ಇದ್ದರೆ ಸ್ವಲ್ಪ ಕಾಲ ಮನೆಯಿಂದ ಹೊರಗಿಡಿ. ಎಷ್ಟೋ ಅಂಗಡಿಗಳು ಇಟ್ಟುಕೊಳ್ಳುತ್ತವೆ. ಮಾತಾಡಬೇಕು ಅನ್ನಿಸಿದರೆ 988ಕ್ಕೆ ಫೋನ್ ಮಾಡಿ.

ಕಳ್ಳರು ಬಂದರೆ .22 ಸಾಕಾಗುತ್ತಾ?

ಆ ಲೆಕ್ಕಕ್ಕೆ ರೈಫಲ್ ಕೊಳ್ಳುವುದಾದರೆ ನನ್ನನ್ನು ಕೇಳಬೇಡಿ. ನನಗೆ ಇದು ಗುರಿ ಹೊಡೆಯುವ ಆಟ. ಬಾಗಿಲಿಗೆ ಒಳ್ಳೆ ಚಿಲಕ, ಹಿತ್ತಲಿಗೆ ಲೈಟ್ ಹಾಕಿಸಿ.

ಹೆಂಡತಿ ಒಪ್ಪುತ್ತಿಲ್ಲ.

ಹಾಗಾದರೆ ಕೊಳ್ಳಬೇಡಿ. ಇಬ್ಬರೂ ಹೋಗಿ ಒಂದು ದಿನ ರೇಂಜ್‌ನಲ್ಲೇ ಬಾಡಿಗೆಗೆ ತಗೊಂಡು ಹೊಡೆದು ನೋಡಿ. ನಮ್ಮ ಮನೆಯಲ್ಲಿ ಈಗ ನನಗಿಂತ ಅವಳ ಗುರಿಯೇ ಚೆನ್ನಾಗಿದೆ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ರೇಂಜ್‌ಗೆ ಕರೆದುಕೊಂಡು ಹೋಗಲಾ?

ಕರೆದುಕೊಂಡು ಹೋಗಿ, ಗಾಜಿನ ಆಚೆಯಿಂದ ನೋಡಲಿ. ಕೈಗೆ ಕೊಡಬೇಡಿ. ಬಿ-2 ವೀಸಾದವರು ರೇಂಜ್‌ನಲ್ಲಿ ಹಿಡಿದರೂ ಮೊದಲು ಹೇಳಿದ ಕಾನೂನು ಅನ್ವಯಿಸುತ್ತದೆ. ನಮ್ಮಪ್ಪನಿಗೆ ಇದು ಅರ್ಥವಾಗಲೇ ಇಲ್ಲ. "ನಲವತ್ತು ವರ್ಷ ಲೈಸೆನ್ಸ್ ಇಟ್ಟವನು ನಾನು. ಪ್ರತಿ ಎಲೆಕ್ಷನ್‌ಗೂ ಕೋವಿ ಹೊತ್ತು ಠಾಣೆಗೆ ಇಟ್ಟು ಬಂದವನು. ನನಗೇ ಕೊಡಲ್ವಾ?" ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದರು.

ವಾಪಸ್ ಊರಿಗೆ ಹೋಗುವಾಗ ರೈಫಲ್ ತಗೊಂಡು ಹೋಗಬಹುದಾ?

ಆ ಯೋಚನೆ ಬಿಡಿ, ಇಲ್ಲೇ ಮಾರಿ. ಊರಲ್ಲಿ ಲೈಸೆನ್ಸ್, ಕಸ್ಟಮ್ಸ್ ಅಂತ ಓಡಾಡುವುದರಲ್ಲೇ ರೈಫಲ್‌ನ ಬೆಲೆ ಮೀರುತ್ತದೆ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಕೋವಿ. ಕೊಡಗಿನ ಗೆಳೆಯರೊಬ್ಬರು "ನಮಗೆ ಲೈಸೆನ್ಸೇ ಬೇಡವಲ್ಲ" ಅನ್ನುತ್ತಾರೆ. ನಿಜ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್ ಪೊಳ್ದ್ ಹಬ್ಬದ ದಿನ ತೋಕಿಗೆ, ಅಂದರೆ ಕೋವಿಗೆ, ಹೂ ಮುಡಿಸಿ ಪೂಜೆ ಮಾಡುವ ಮನೆತನದವರು ಅವರು. ಅದು ಅಮೆರಿಕದ ರೈಫಲ್ಲನ್ನು ಹೊತ್ತು ತರಲು ಪರವಾನಗಿ ಅಲ್ಲ.

ರೈಫಲ್ ಬಿಡಿ, ಗುಂಡಿನ ಬಗ್ಗೆ ಹೇಳುತ್ತೇನೆ. ರೇಂಜ್‌ಗೆ ಒಯ್ಯುವ ಚೀಲ ಅದಕ್ಕೆ ಮಾತ್ರ ಇರಲಿ. ಲ್ಯಾಪ್‌ಟಾಪ್ ಚೀಲ, ಮಕ್ಕಳ ಶಾಲೆಯ ಚೀಲ, ಪ್ರಯಾಣದ ಚೀಲ ಯಾವುದನ್ನೂ ಒಮ್ಮೆಯೂ ಒಯ್ಯಬೇಡಿ. ಇಂಡಿಯಾದ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ಜೀವಂತ ಗುಂಡು ಸಿಕ್ಕಿದರೂ ಆರ್ಮ್ಸ್ ಆ್ಯಕ್ಟ್ ಕೇಸು. ಗೊತ್ತಿಲ್ಲದೆ ಉಳಿದದ್ದು ಅಂತ ಕೋರ್ಟಿನಲ್ಲಿ ಹೇಳಿ ಬಿಡಿಸಿಕೊಳ್ಳಬಹುದು. ಆದರೆ ನಿಮ್ಮ ಮೂರು ವಾರದ ರಜೆ ಠಾಣೆ, ವಕೀಲರು ಅಂತಲೇ ಮುಗಿಯುತ್ತದೆ.

ಎರಡು ವರ್ಷದ ಹಿಂದೆ, ಅಕ್ಕನ ಮಗಳ ಮದುವೆಗೆ ಹೊರಡುವ ಹಿಂದಿನ ರಾತ್ರಿ, ನಾನು ಆಫೀಸಿನ ಚೀಲವನ್ನು ನೆಲದ ಮೇಲೆ ಸುರಿದೆ. ಚಾರ್ಜರ್, ಪೆನ್ನು, ಹಳೆಯ ಬಿಲ್ಲುಗಳು. ಖಾಲಿ ಅಂತ ಮುಚ್ಚಲು ಹೋದಾಗ ಹೆಂಡತಿ "ಇನ್ನೊಂದ್ಸಲ ಜಾಡಿಸಿ" ಅಂದಳು. ತಲೆಕೆಳಗು ಮಾಡಿ ಜಾಡಿಸಿದೆ. ಒಳಜೇಬಿನ ಹೊಲಿಗೆ ಬಿಟ್ಟ ಮೂಲೆಯಿಂದ, ಅಕ್ಕಿಯಲ್ಲಿನ ಕಲ್ಲಿನ ಹಾಗೆ, ಒಂದು .22 ಟಣ್ ಅಂತ ಟೈಲ್ಸ್ ಮೇಲೆ ಬಿತ್ತು.